ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಸ್ಪೀಡ್ ಏರುತ್ತಿಲ್ವಾ? ಗವರ್ನರ್ ಮುಟ್ಟುವ ಮೊದಲು ಇದನ್ನು ನೋಡಿ

ಲ್ಯಾಪ್‌ಟಾಪ್ ಸ್ಲೋ ಆಯಿತು ಅಂದ ಕೂಡಲೇ ಲಿನಕ್ಸ್ ಬಳಸುವವರು ಮಾಡುವ ಮೊದಲ ಕೆಲಸ ಒಂದೇ. ಎಲ್ಲೋ ಸಿಕ್ಕ ಕಮಾಂಡ್ ಹಾಕಿ ಗವರ್ನರ್ (ಪ್ರೊಸೆಸರ್ ಸ್ಪೀಡ್ ಯಾವಾಗ ಏರಬೇಕು, ಇಳಿಯಬೇಕು ಅನ್ನುವ ಕರ್ನಲ್ ನಿಯಮ) ಅನ್ನು ಪರ್ಫಾರ್ಮೆನ್ಸ್‌ಗೆ ಬದಲಿಸುತ್ತಾರೆ. ಸ್ಪೀಡ್ ಏರುವುದಿಲ್ಲ. ಆಮೇಲೆ ಪವರ್ ನೋಡಿಕೊಳ್ಳುವ ಟಿಎಲ್‌ಪಿ ಅನ್ನುವ ಟೂಲ್ ಹಾಕುತ್ತಾರೆ, ಅದೂ ಸಾಲದು ಅಂತ ಅಂಥದ್ದೇ ಆಟೋ-ಸಿಪಿಯುಫ್ರೆಕ್ ಹಾಕುತ್ತಾರೆ, ಕೊನೆಗೆ ಬೇಸತ್ತು ಡಿಸ್ಟ್ರೋನೇ ಬದಲಿಸುತ್ತಾರೆ. ಹೊಸ ಡಿಸ್ಟ್ರೋದಲ್ಲೂ ಅದೇ ಕಥೆ. ಯಾಕಂದ್ರೆ ಹೆಚ್ಚಿನ ಸಲ ಸ್ಪೀಡ್ ತಡೆದು ಹಿಡಿದಿರುವುದು ಗವರ್ನರ್ ಆಗಿರುವುದೇ ಇಲ್ಲ.

ಪ್ರೊಸೆಸರ್ ಎಷ್ಟು ಸ್ಪೀಡಿನಲ್ಲಿ ಓಡಬೇಕು ಅನ್ನುವುದನ್ನು ನಾಲ್ಕು ಕಡೆಯಿಂದ ತೀರ್ಮಾನ ಮಾಡುತ್ತಾರೆ. ಕರ್ನಲ್ ಒಳಗಿನ ಡ್ರೈವರ್ ಮತ್ತು ಗವರ್ನರ್ ಒಂದು ಕಡೆ. ಅದರ ಮೇಲೆ ಓಡುವ ಪವರ್ ಸರ್ವಿಸ್‌ಗಳು ಇನ್ನೊಂದು ಕಡೆ. ಬಯೋಸ್ ಮತ್ತು ಮದರ್‌ಬೋರ್ಡ್ ಮೇಲಿರುವ ಎಂಬೆಡೆಡ್ ಕಂಟ್ರೋಲರ್ (ಚಾರ್ಜರ್, ಬ್ಯಾಟರಿ, ಫ್ಯಾನ್ ನೋಡಿಕೊಳ್ಳುವ ಸಣ್ಣ ಚಿಪ್) ಮೂರನೆಯ ಕಡೆ. ಕೊನೆಯದು ಚಿಪ್ ತಾನೇ, ಅದಕ್ಕೆ ಬಿಸಿ ಮತ್ತು ವ್ಯಾಟ್ ಲೆಕ್ಕ ಇದೆ. ಇವುಗಳಲ್ಲಿ ಯಾರು ಕಡಿಮೆ ಹೇಳುತ್ತಾರೋ ಅವರ ಮಾತೇ ನಡೆಯುತ್ತದೆ. ಹಾಗಾಗಿ ಯಾರು ಮಿತಿ ಹಾಕಿದ್ದಾರೆ ಅಂತ ಮೊದಲು ಹುಡುಕಬೇಕು. ಆಮೇಲೆ ಅಲ್ಲಿ ಮಾತ್ರ ಕೈ ಹಾಕಬೇಕು.

ಮಾತಿಗೆ ಒಂದು ನಿಜವಾದ ಚಿಪ್ ಇಟ್ಟುಕೊಳ್ಳೋಣ. ಇಂಟೆಲ್ ಕೋರ್ ಐ5-8250ಯು. 2017ರಲ್ಲಿ ಬಂದದ್ದು, 4 ಕೋರ್, 8 ಥ್ರೆಡ್. ಬೇಸ್ ಸ್ಪೀಡ್ 1.6 ಗಿಗಾಹರ್ಟ್ಜ್, ಟರ್ಬೊ (ಕೆಲಸ ಬಂದಾಗ ಬೇಸ್‌ಗಿಂತ ಮೇಲೆ ಏರುವ ಸ್ಪೀಡ್) 3.4 ಗಿಗಾಹರ್ಟ್ಜ್, ಪವರ್ ಲೆಕ್ಕ 15 ವ್ಯಾಟ್. ಕೆಳಗೆ 400 ಮೆಗಾಹರ್ಟ್ಜ್ ತನಕ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಈಗಲೂ ಇದು ಸಿಗುತ್ತದೆ. ನಿಮ್ಮದು ಬೇರೆ ಚಿಪ್ ಆದರೂ ಪರವಾಗಿಲ್ಲ, ಹುಡುಕುವ ದಾರಿ ಒಂದೇ.

ಒಂದು ಮಾತು: ಇಲ್ಲಿ ಫೈಲ್ ಮತ್ತು ಕಮಾಂಡ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಫೈಲ್ ಹೆಸರಲ್ಲಿ ಎರಡು ಪದದ ನಡುವೆ ಸಾಮಾನ್ಯವಾಗಿ ಅಂಡರ್‌ಸ್ಕೋರ್ ಇರುತ್ತದೆ. ಟ್ಯಾಬ್ ಒತ್ತಿದರೆ ಹೆಸರು ತಾನೇ ಪೂರ್ತಿ ಆಗುತ್ತದೆ.

ಮೊದಲು ಸರಿಯಾಗಿ ಅಳೆಯಿರಿ

ಸುಮ್ಮನೆ ಕೂತಿರುವ ಲ್ಯಾಪ್‌ಟಾಪ್‌ನ ಫ್ರೀಕ್ವೆನ್ಸಿ ನೋಡಿ ಏನೂ ತಿಳಿಯುವುದಿಲ್ಲ. ಕೆಲಸ ಇಲ್ಲದಾಗ ಕೋರ್‌ಗಳು ಮಲಗಿರುತ್ತವೆ. ಮಲಗಿರುವ ಕೋರ್ 800 ತೋರಿಸಿದರೂ ಅಷ್ಟೇ, 2,900 ತೋರಿಸಿದರೂ ಅಷ್ಟೇ. ಆದ್ದರಿಂದ ಲೋಡ್ ಕೊಟ್ಟೇ ನೋಡಬೇಕು.

ಲೋಡ್ ಕೊಡಲು ಸ್ಟ್ರೆಸ್-ಎನ್‌ಜಿ ಸಾಕು. ಸಿಪಿಯು ಆಯ್ಕೆಗೆ 0 ಕೊಟ್ಟರೆ ಎಲ್ಲ ಕೋರ್‌ಗಳಿಗೂ ಕೆಲಸ ಬೀಳುತ್ತದೆ, 1 ಕೊಟ್ಟರೆ ಒಂದೇ ಕೆಲಸ. ಎರಡನ್ನೂ ಬೇರೆ ಬೇರೆಯಾಗಿ ಮಾಡಿ. ಒಂದು ಕೋರ್ ಮಾತ್ರ ಓಡುವಾಗ ಸಿಗುವ ಸ್ಪೀಡ್ ಬೇರೆ, ಎಲ್ಲ ಕೋರ್ ಓಡುವಾಗ ಸಿಗುವುದು ಬೇರೆ. ಡಬ್ಬಿಯ ಮೇಲೆ ಬರೆದಿರುವ 3.4 ಗಿಗಾಹರ್ಟ್ಜ್ ಅತಿ ಹೆಚ್ಚಿನ ಲೆಕ್ಕ. ಎಲ್ಲ 4 ಕೋರ್ ಓಡುವಾಗಲೂ ಸದಾ ಅದೇ ಬರಬೇಕು ಅಂತ ಕಾದು ಕೂತರೆ ಇಲ್ಲದ ದೋಷವನ್ನು ಹುಡುಕಿದ ಹಾಗೆ.

ನೋಡಲು ಟರ್ಬೋಸ್ಟ್ಯಾಟ್‌ಗಿಂತ ಒಳ್ಳೆಯ ಟೂಲ್ ಇಲ್ಲ. ಉಬುಂಟುವಿನಲ್ಲಿ ಲಿನಕ್ಸ್-ಟೂಲ್ಸ್ ಪ್ಯಾಕೇಜ್‌ನಲ್ಲಿ, ಡೆಬಿಯನ್‌ನಲ್ಲಿ ಲಿನಕ್ಸ್-ಸಿಪಿಯುಪವರ್‌ನಲ್ಲಿ, ಫೆಡೋರಾದಲ್ಲಿ ಕರ್ನಲ್-ಟೂಲ್ಸ್‌ನಲ್ಲಿ ಬರುತ್ತದೆ. ಸುಡೋ ಹಾಕಿ ಓಡಿಸಬೇಕು. ಅದರಲ್ಲಿ ಹತ್ತಾರು ಕಾಲಮ್ ಬರುತ್ತವೆ, ಹೆದರಬೇಡಿ. ನಾಲ್ಕು ಸಾಕು. ಬ್ಯುಸಿ ಶೇಕಡಾ ಅಂದರೆ ಕೋರ್ ಎಷ್ಟು ಹೊತ್ತು ಎಚ್ಚರ ಇತ್ತು. ಬ್ಯುಸಿ ಮೆಗಾಹರ್ಟ್ಜ್ ಅಂದರೆ ಎಚ್ಚರ ಇದ್ದಾಗ ಎಷ್ಟು ಸ್ಪೀಡಲ್ಲಿ ಓಡಿತು. ಪ್ಯಾಕೇಜ್ ಟೆಂಪರೇಚರ್ ಅಂದರೆ ಚಿಪ್‌ನ ಬಿಸಿ. ಪ್ಯಾಕೇಜ್ ವ್ಯಾಟ್ ಅಂದರೆ ಚಿಪ್ ಎಳೆಯುತ್ತಿರುವ ಪವರ್. ಬ್ಯುಸಿ ಮೆಗಾಹರ್ಟ್ಜ್ ಪಕ್ಕದಲ್ಲೇ ಇನ್ನೊಂದು ಸರಾಸರಿ ಮೆಗಾಹರ್ಟ್ಜ್ ಕಾಲಮ್ ಇದೆ. ಅದು ಮಲಗಿದ ಹೊತ್ತನ್ನೂ ಸೇರಿಸಿ ಹೇಳುವ ಲೆಕ್ಕ, ಅದನ್ನು ನೋಡಿ ಗಾಬರಿ ಆಗಬೇಡಿ.

ಲೋಡ್ ಕೊಟ್ಟು ಎರಡು ಮೂರು ನಿಮಿಷ ಬಿಡಿ. ಸ್ಪೀಡ್, ಬಿಸಿ, ವ್ಯಾಟ್ ಈ ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ. ಒಂದೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಮೂರೂ ಒಟ್ಟಿಗೆ ಇದ್ದರೆ ತಡೆ ಯಾವ ಕಡೆಯದು ಅಂತ ಹೆಚ್ಚು ಕಡಿಮೆ ಅಲ್ಲೇ ಗೊತ್ತಾಗುತ್ತದೆ.

ನಮ್ಮ 8250ಯುನಲ್ಲಿ ಹೀಗೆಲ್ಲ ಕಾಣಬಹುದು. ಸ್ಪೀಡ್ 400, ಬಿಸಿ 45 ಡಿಗ್ರಿ, ವ್ಯಾಟ್ 3ರ ಆಸುಪಾಸು: ಚಿಪ್‌ಗೆ ಬಿಸಿಯೂ ಇಲ್ಲ, ಪವರ್ ಮಿತಿಯೂ ತಾಗಿಲ್ಲ, ಹೊರಗಿನಿಂದ ಯಾರೋ ಕತ್ತು ಹಿಡಿದಿದ್ದಾರೆ. ಬಿಸಿ 95 ದಾಟಿ ಸ್ಪೀಡ್ ಮೇಲೆ ಕೆಳಗೆ ಕುಣಿಯುತ್ತಿದೆ: ಕೂಲಿಂಗ್ ಸಮಸ್ಯೆ. ಬಿಸಿ 75, ಸ್ಪೀಡ್ 2 ಚಿಲ್ಲರೆ ಗಿಗಾಹರ್ಟ್ಜ್, ವ್ಯಾಟ್ ಮಾತ್ರ ಗೆರೆ ಎಳೆದಂತೆ 15ರಲ್ಲೇ ನಿಂತಿದೆ: ಪವರ್ ಮಿತಿ, ಇದು ದೋಷವೇ ಅಲ್ಲದಿರಬಹುದು. ಸ್ಪೀಡ್ 1.6ರ ಆಸುಪಾಸಿನಲ್ಲೇ ನಿಂತಿದೆ, ಬಿಸಿಯೂ ಕಡಿಮೆ, ವ್ಯಾಟೂ ಕಡಿಮೆ: ಟರ್ಬೊ ಆಫ್ ಆಗಿದೆ. ಬಿಸಿಯೂ ವ್ಯಾಟೂ ಕಡಿಮೆ ಇದ್ದು ಸ್ಪೀಡ್ ಮಧ್ಯದಲ್ಲೆಲ್ಲೋ ಒಂದು ಅಂಕೆಗೆ ಅಂಟಿಕೊಂಡಿದ್ದರೆ ಯಾವುದೋ ಸಾಫ್ಟ್‌ವೇರ್ ಹಾಕಿದ ಮಿತಿ ಇರಬಹುದು.

ಡ್ರೈವರ್ ಯಾವುದು, ಗವರ್ನರ್ ಹೆಸರಿನ ಅರ್ಥ ಏನು

ಸಿಪಿಯುಪವರ್ ಕಮಾಂಡ್‌ಗೆ ಫ್ರೀಕ್ವೆನ್ಸಿ-ಇನ್ಫೋ ಅಂತ ಕೊಟ್ಟರೆ ಡ್ರೈವರ್ ಹೆಸರು ಬರುತ್ತದೆ. ಅದೇ ವಿವರ ಸಿಸ್ ಫೋಲ್ಡರ್‌ನಲ್ಲಿ ಡಿವೈಸಸ್, ಸಿಸ್ಟಮ್, ಸಿಪಿಯು, ಸಿಪಿಯುಫ್ರೆಕ್ ದಾಟಿ ಪಾಲಿಸಿ0 ಒಳಗೆ ಫೈಲ್‌ಗಳಾಗಿಯೂ ಇರುತ್ತದೆ.

ಇಂಟೆಲ್ ಪಿಸ್ಟೇಟ್ ಡ್ರೈವರ್ 2013ರಲ್ಲಿ ಕರ್ನಲ್ 3.9ರ ಜೊತೆ ಬಂತು. ಇದು ಆಕ್ಟಿವ್ ಮೋಡ್‌ನಲ್ಲಿದ್ದಾಗ ಗವರ್ನರ್ ಎರಡೇ: ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್. ಇಲ್ಲೇ ತುಂಬಾ ಜನ ಎಡವುವುದು. ಈ ಡ್ರೈವರ್‌ನಲ್ಲಿ ಪವರ್‌ಸೇವ್ ಅಂದರೆ ಸ್ಪೀಡನ್ನು ಕೆಳಗೆ ಕಟ್ಟಿಹಾಕುವುದು ಅಂತ ಅರ್ಥ ಇಲ್ಲ. ಕೆಲಸ ಬಂದಾಗ ಏರಿಸಿ, ಮುಗಿದಾಗ ಇಳಿಸುತ್ತದೆ, ಟರ್ಬೊ ತನಕವೂ ಹೋಗುತ್ತದೆ. ಮಾಮೂಲಿ ಲ್ಯಾಪ್‌ಟಾಪ್‌ಗೆ ಇದೇ ಸರಿಯಾದ ಸೆಟ್ಟಿಂಗ್.

ಹಳೆಯ ಎಸಿಪಿಐ-ಸಿಪಿಯುಫ್ರೆಕ್ ಡ್ರೈವರ್‌ನಲ್ಲಿ ಮಾತ್ರ ಪವರ್‌ಸೇವ್ ಅಂದರೆ ನಿಜಕ್ಕೂ ಕನಿಷ್ಠ ಸ್ಪೀಡ್‌ಗೆ ಕಟ್ಟಿಹಾಕುವುದೇ. ಎಷ್ಟೇ ಲೋಡ್ ಬಂದರೂ ಮೇಲೆ ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ತಕ್ಕಂತೆ ಸ್ಪೀಡ್ ಬದಲಿಸುವ ಸ್ಕೆಡ್‌ಯುಟಿಲ್ ಅಥವಾ ಆನ್‌ಡಿಮ್ಯಾಂಡ್ ಗವರ್ನರ್ ಇರಬೇಕು. ಒಂದೇ ಹೆಸರು, ಎರಡು ಡ್ರೈವರ್‌ನಲ್ಲಿ ಎರಡು ನಡವಳಿಕೆ. ಅದಕ್ಕೇ ಡ್ರೈವರ್ ಯಾವುದು ಅಂತ ನೋಡದೆ ಗವರ್ನರ್ ಬಗ್ಗೆ ಯಾರು ಏನೇ ಸಲಹೆ ಕೊಟ್ಟರೂ ತಗೊಳ್ಳಬೇಡಿ.

ಸ್ಕೈಲೇಕ್‌ಗಿಂತ (ಇಂಟೆಲ್‌ನ 6ನೇ ಪೀಳಿಗೆ) ಹಳೆಯ ಇಂಟೆಲ್ ಚಿಪ್ ಇದ್ದರೆ ಡ್ರೈವರ್ ಹೆಸರು ಇಂಟೆಲ್ ಸಿಪಿಯುಫ್ರೆಕ್ ಅಂತ ಕಾಣಬಹುದು. ಅದು ಬೇರೆ ಏನೂ ಅಲ್ಲ, ಪಿಸ್ಟೇಟ್ ಡ್ರೈವರೇ ಪ್ಯಾಸಿವ್ ಮೋಡ್‌ನಲ್ಲಿ ಓಡುತ್ತಿದೆ. ಕರ್ನಲ್ 5.7ರಿಂದ ಅಂಥ ಚಿಪ್‌ಗಳಿಗೆ ಅದೇ ಡಿಫಾಲ್ಟ್. ಅಲ್ಲಿ ಗವರ್ನರ್‌ಗಳ ಪಟ್ಟಿ ಪೂರ್ತಿ ಇರುತ್ತದೆ, ಪವರ್‌ಸೇವ್ ಅರ್ಥವೂ ಹಳೆಯದೇ. ಎಚ್ಚರ ಇರಲಿ.

ಎಎಂಡಿ ರೈಝೆನ್ ಇರುವವರು ಎಎಂಡಿ ಪಿಸ್ಟೇಟ್ ಇದೆಯಾ ಅಂತ ನೋಡಿ. ಅದು 2022ರಲ್ಲಿ ಕರ್ನಲ್ 5.17ರಲ್ಲಿ ಬಂತು. ಆಕ್ಟಿವ್ ಮೋಡ್ 6.3ರಲ್ಲಿ ಸೇರಿತು, ಹೊಸ ಚಿಪ್‌ಗಳಿಗೆ 6.5ರಿಂದ ಅದೇ ಡಿಫಾಲ್ಟ್ ಆಯಿತು. ಹೊಸ ಕರ್ನಲ್ ಇದ್ದೂ ಇನ್ನೂ ಎಸಿಪಿಐ-ಸಿಪಿಯುಫ್ರೆಕ್ ಕಾಣುತ್ತಿದ್ದರೆ ಬಯೋಸ್‌ನಲ್ಲಿ ಸಿಪಿಪಿಸಿ (ಈ ಡ್ರೈವರ್ ಚಿಪ್ ಜೊತೆ ಸ್ಪೀಡ್ ಬಗ್ಗೆ ಮಾತಾಡುವ ದಾರಿ) ಅನ್ನುವ ಆಯ್ಕೆ ಆಫ್ ಆಗಿರಬಹುದು. ಕೆಲವು ಲ್ಯಾಪ್‌ಟಾಪ್ ಬಯೋಸ್‌ಗಳಲ್ಲಿ ಆ ಆಯ್ಕೆಯೇ ಕಾಣಿಸುವುದಿಲ್ಲ. ಆಗ ಬಯೋಸ್ ಅಪ್‌ಡೇಟ್ ಮಾಡುವುದೇ ದಾರಿ.

ಸಿಪಿಯುಫ್ರೆಕ್ ಒಳಗೆ ಪಾಲಿಸಿ ಫೋಲ್ಡರ್‌ಗಳೇ ಇಲ್ಲ ಅಂದರೆ? ವರ್ಚುವಲ್ ಮಷಿನ್ ಒಳಗೆ ಕೂತಿದ್ದೀರಾ ನೋಡಿಕೊಳ್ಳಿ. ಅಲ್ಲಿ ಸ್ಪೀಡ್ ನಿರ್ಧಾರ ಹೋಸ್ಟ್ ಕಡೆಯದು, ಒಳಗಿಂದ ಮಾಡುವಂಥದ್ದು ಏನೂ ಇಲ್ಲ. ನಿಜವಾದ ಮಷಿನ್‌ನಲ್ಲೇ ಇಲ್ಲ ಅಂದರೆ ಬಯೋಸ್‌ಗೆ ಹೋಗಿ ಸ್ಪೀಡ್‌ಸ್ಟೆಪ್ ಆಯ್ಕೆ ಆನ್ ಇದೆಯಾ ನೋಡಿ.

ಸಾಫ್ಟ್‌ವೇರ್ ಮಿತಿಗಳು

ಪಾಲಿಸಿ0 ಒಳಗೆ ಎರಡು ಫೈಲ್ ಹೋಲಿಸಿ. ಸಿಪಿಯುಇನ್ಫೋ ಮ್ಯಾಕ್ಸ್ ಫ್ರೆಕ್ ಅಂದರೆ ಚಿಪ್ ಎಲ್ಲಿ ತನಕ ಹೋಗಬಲ್ಲದು. ಸ್ಕೇಲಿಂಗ್ ಮ್ಯಾಕ್ಸ್ ಫ್ರೆಕ್ ಅಂದರೆ ಸದ್ಯಕ್ಕೆ ಎಲ್ಲಿ ತನಕ ಬಿಟ್ಟಿದ್ದಾರೆ. ಲೆಕ್ಕ ಕಿಲೋಹರ್ಟ್ಜ್‌ನಲ್ಲಿ, ಅಂದರೆ 3400000 ಕಂಡರೆ 3.4 ಗಿಗಾಹರ್ಟ್ಜ್. ಎರಡೂ ಒಂದೇ ಇದ್ದರೆ ಇಲ್ಲಿ ಸಮಸ್ಯೆ ಇಲ್ಲ. ಎರಡನೆಯದು ಕಡಿಮೆ ಇದ್ದರೆ ಯಾವುದೋ ಪ್ರೋಗ್ರಾಂ ಇಳಿಸಿದೆ. ಎಸಿಪಿಐ ಡ್ರೈವರ್‌ನಲ್ಲಿ ಬಯೋಸ್ ಲಿಮಿಟ್ ಅನ್ನುವ ಫೈಲ್ ಕೂಡ ಇರುತ್ತದೆ. ಮಿತಿ ಬಯೋಸ್‌ನದ್ದಾ ಅಂತ ಅದು ನೇರವಾಗಿ ಹೇಳುತ್ತದೆ.

ಆಮೇಲೆ ಟರ್ಬೊ. ಇಂಟೆಲ್ ಪಿಸ್ಟೇಟ್ ಫೋಲ್ಡರ್‌ನಲ್ಲಿ ನೋ ಟರ್ಬೊ ಅನ್ನುವ ಫೈಲ್ ಇದೆ. ಅದರಲ್ಲಿ 1 ಇದ್ದರೆ ಟರ್ಬೊ ಆಫ್. ರೂಟ್ ಆಗಿ 0 ಬರೆಯಿರಿ. ಬರೆದಾಗ ಅನುಮತಿ ಇಲ್ಲ ಅಂತ ಎರರ್ ಬಂದರೆ ಬಯೋಸ್ ತಾನೇ ಟರ್ಬೊ ಮುಚ್ಚಿದೆ ಅಂತ ಅರ್ಥ, ಲಿನಕ್ಸ್ ಒಳಗಿಂದ ಆ ಬಾಗಿಲು ತೆರೆಯುವುದಿಲ್ಲ. ಅದೇ ಫೋಲ್ಡರ್‌ನ ಮ್ಯಾಕ್ಸ್ ಪರ್ಫ್ ಪಿಸಿಟಿ 100 ಇರಬೇಕು. ಎಸಿಪಿಐ ಡ್ರೈವರ್‌ನವರಿಗೆ ಸಿಪಿಯುಫ್ರೆಕ್ ಫೋಲ್ಡರ್‌ನಲ್ಲಿ ಬೂಸ್ಟ್ ಅನ್ನುವ ಫೈಲ್ ಇರುತ್ತದೆ. ಅಲ್ಲಿ ಉಲ್ಟಾ, 1 ಇದ್ದರೆ ಆನ್.

ಸ್ಕೈಲೇಕ್ ಮತ್ತು ಅದಕ್ಕಿಂತ ಹೊಸ ಚಿಪ್‌ಗಳು ಸ್ಪೀಡನ್ನು ಹೆಚ್ಚಾಗಿ ತಾವೇ ನಿರ್ಧರಿಸುತ್ತವೆ. ಕರ್ನಲ್ ಬರೀ ಒಲವು ತಿಳಿಸುತ್ತದೆ: ಪರ್ಫಾರ್ಮೆನ್ಸ್, ಬ್ಯಾಲೆನ್ಸ್ ಪರ್ಫಾರ್ಮೆನ್ಸ್, ಬ್ಯಾಲೆನ್ಸ್ ಪವರ್, ಪವರ್. ಇದು ಎನರ್ಜಿ ಪರ್ಫಾರ್ಮೆನ್ಸ್ ಪ್ರಿಫರೆನ್ಸ್ ಅನ್ನುವ ಫೈಲ್‌ನಲ್ಲಿರುತ್ತದೆ. ಅಲ್ಲಿ ಪವರ್ ಅಂತ ಕೂತಿದ್ದರೆ ಚಿಪ್ ಏರಲು ಸೋಮಾರಿತನ ಮಾಡುತ್ತದೆ. ಬ್ರೌಸರ್ ಸ್ಕ್ರಾಲ್ ಮಾಡುವಾಗ ತಡವರಿಸಿದಂತೆ ಅನಿಸುವುದು, ಆದರೆ ದೊಡ್ಡ ಲೋಡ್ ಕೊಟ್ಟರೆ ಸ್ಪೀಡ್ ಸರಿಯಾಗಿ ಬರುವುದು, ಇಂಥ ಲಕ್ಷಣ ಕಂಡರೆ ಮೊದಲು ಇದನ್ನೇ ನೋಡಿ. ಬ್ಯಾಲೆನ್ಸ್ ಪರ್ಫಾರ್ಮೆನ್ಸ್ ಬರೆದು ನೋಡಿ. ಡಿವೈಸ್ ಬ್ಯುಸಿ ಅಂತ ಎರರ್ ಬಂದರೆ ಗವರ್ನರ್ ಪರ್ಫಾರ್ಮೆನ್ಸ್‌ನಲ್ಲಿದೆ ಅಂತ ಅರ್ಥ. ಆ ಗವರ್ನರ್ ಇದ್ದಾಗ ಬೇರೆ ಒಲವನ್ನು ಅದು ಒಪ್ಪುವುದಿಲ್ಲ.

ಇಷ್ಟೆಲ್ಲ ಸರಿಮಾಡಿದ ಮೇಲೂ ಸ್ವಲ್ಪ ಹೊತ್ತಿಗೆ ಮತ್ತೆ ಹಳೆಯ ಸೆಟ್ಟಿಂಗ್‌ಗೇ ಹೋಗುತ್ತಿದ್ದರೆ ಒಂದು ಸರ್ವಿಸ್ ಅದನ್ನು ತಿದ್ದುತ್ತಿದೆ. ಟಿಎಲ್‌ಪಿ, ಪವರ್-ಪ್ರೊಫೈಲ್ಸ್-ಡೀಮನ್, ಟ್ಯೂನ್ಡ್, ಆಟೋ-ಸಿಪಿಯುಫ್ರೆಕ್ ಇವುಗಳಲ್ಲಿ ಯಾವುದು ಓಡುತ್ತಿದೆ ಅಂತ ಸಿಸ್ಟಮ್‌ಸಿಟಿಎಲ್‌ನಲ್ಲಿ ನೋಡಿ. ಒಂದಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ತೊಂದರೆ. ಚಾರ್ಜರ್ ತೆಗೆದು ಹಾಕಿದಾಗೆಲ್ಲ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ, ಯಾವುದು ಕೊನೆಗೆ ಬರೆಯಿತೋ ಅದು ಉಳಿಯುತ್ತದೆ, ನಿಮಗೆ ಮಾತ್ರ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಮಾಸ್ಕ್ ಮಾಡಿ, ಅಂದರೆ ಯಾರೂ ಶುರು ಮಾಡಲಾಗದಂತೆ ಮುಚ್ಚಿ. ಬರೀ ಡಿಸೇಬಲ್ ಮಾಡಿದರೆ ಡೆಸ್ಕ್‌ಟಾಪ್ ಅದನ್ನು ಮತ್ತೆ ಎಬ್ಬಿಸಬಹುದು. ಫೆಡೋರಾ 41ರಿಂದ ಡಿಫಾಲ್ಟ್ ಆಗಿ ಟ್ಯೂನ್ಡ್ ಬರುತ್ತದೆ. ಹಳೆಯ ಗೈಡ್ ನೋಡಿ ಪವರ್-ಪ್ರೊಫೈಲ್ಸ್-ಡೀಮನ್ ಹುಡುಕಿದರೆ ಅಲ್ಲಿ ಸಿಗದೇ ಇರಬಹುದು.

ಟಿಎಲ್‌ಪಿ ಇದ್ದವರು ಟಿಎಲ್‌ಪಿ-ಸ್ಟ್ಯಾಟ್‌ಗೆ ಪಿ ಆಯ್ಕೆ ಕೊಟ್ಟು ನೋಡಿ. ಬ್ಯಾಟರಿ ಮೇಲೆ ಟರ್ಬೊ ಆಫ್ ಅಂತ ಯಾವಾಗಲೋ ಕಾನ್ಫಿಗ್‌ನಲ್ಲಿ ಬರೆದಿಟ್ಟು ಮರೆತವರು ಬಹಳ ಜನ. ಗ್ನೋಮ್ ಡೆಸ್ಕ್‌ಟಾಪ್ ಬಳಸುವವರು ಇನ್ನೊಂದು ನೆನಪಿಡಿ. ಬ್ಯಾಟರಿ ಕಡಿಮೆಯಾದಾಗ ಪವರ್ ಸೇವರ್ ತಾನೇ ಆನ್ ಆಗುವ ಸೆಟ್ಟಿಂಗ್ ಇದೆ.

400 ಮೆಗಾಹರ್ಟ್ಜ್‌ನಲ್ಲಿ ಅಂಟಿಕೊಂಡಿದ್ದರೆ

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಜನರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ, ಅತಿ ಕಡಿಮೆ ಗೊತ್ತಿರುವುದೂ ಇದೇ. ಇಡೀ ಮದರ್‌ಬೋರ್ಡ್ ಹೋಗಿದೆ ಅಂತ ಹೇಳಿಸಿಕೊಂಡು ಲ್ಯಾಪ್‌ಟಾಪ್ ಗುಜರಿಗೆ ಹಾಕಿದವರೂ ಇದ್ದಾರೆ.

ಇಂಟೆಲ್ ಚಿಪ್‌ನಲ್ಲಿ ಪ್ರೋಕ್‌ಹಾಟ್ ಅನ್ನುವ ಒಂದು ಪಿನ್ ಇದೆ. ಚಿಪ್ ತುಂಬಾ ಬಿಸಿಯಾದಾಗ ಈ ಪಿನ್ ಮೂಲಕ ಹೊರಗಿನವರಿಗೆ ತಿಳಿಸುತ್ತದೆ. ಇದು ಎರಡೂ ದಿಕ್ಕಿನ ಪಿನ್. ಹೊರಗಿನಿಂದ ಎಂಬೆಡೆಡ್ ಕಂಟ್ರೋಲರ್ ಅಥವಾ ಮದರ್‌ಬೋರ್ಡ್‌ನ ಪವರ್ ಸರ್ಕ್ಯೂಟ್ ಕೂಡ ಇದನ್ನು ಎಳೆದು ಚಿಪ್‌ಗೆ ನಿಧಾನ ಮಾಡು ಅಂತ ಹೇಳಬಹುದು. ಹಾಗೆ ಹೇಳಿದ ತಕ್ಷಣ ಚಿಪ್ ಮರು ಮಾತಿಲ್ಲದೆ ಕನಿಷ್ಠ ಸ್ಪೀಡ್‌ಗೆ ಇಳಿಯುತ್ತದೆ. ಗವರ್ನರ್, ಡ್ರೈವರ್, ಟಿಎಲ್‌ಪಿ ಯಾರ ಮಾತೂ ಅಲ್ಲಿ ನಡೆಯುವುದಿಲ್ಲ. ಸ್ಕೇಲಿಂಗ್ ಮ್ಯಾಕ್ಸ್ 3400000 ಅಂತಲೇ ತೋರಿಸುತ್ತಿರುತ್ತದೆ, ಗವರ್ನರ್ ಪರ್ಫಾರ್ಮೆನ್ಸ್ ಅಂತಲೇ ಇರುತ್ತದೆ, ಟರ್ಬೋಸ್ಟ್ಯಾಟ್ ಮಾತ್ರ 400 ಅನ್ನುತ್ತದೆ.

ಪರಿಚಯದ ಹುಡುಗಿಯೊಬ್ಬಳು ಕಾಲೇಜ್ ಪ್ರಾಜೆಕ್ಟ್ ಮಾಡುತ್ತಿದ್ದ ಲ್ಯಾಪ್‌ಟಾಪ್ ತಂದಿದ್ದಳು. ಟರ್ಮಿನಲ್‌ನಲ್ಲಿ ಅಕ್ಷರ ಒತ್ತಿದರೆ ಒಂದು ಕ್ಷಣ ಬಿಟ್ಟು ಮೂಡುತ್ತಿತ್ತು. ಯಾರೋ ಹೇಳಿದರು ಅಂತ ಎರಡು ಡಿಸ್ಟ್ರೋ ಬದಲಿಸಿ ಆಗಿತ್ತು. ಲೋಡ್ ಕೊಟ್ಟು ನೋಡಿದೆವು: ಬ್ಯುಸಿ 100, ಸ್ಪೀಡ್ 399, ಬಿಸಿ 44 ಡಿಗ್ರಿ. ಆಗ ಅವಳೇ ಹೇಳಿದಳು, "ಅಣ್ಣಾ, ಬ್ಯಾಟರಿ ಮೇಲೆ ಚೆನ್ನಾಗೇ ಓಡುತ್ತೆ, ಚಾರ್ಜರ್ ಹಾಕಿದ್ರೇನೇ ಹಿಂಗಾಗೋದು." ಚಾರ್ಜರ್ ಪಿನ್ ಎಳೆದೆ. ಟರ್ಬೋಸ್ಟ್ಯಾಟ್‌ನ ಮುಂದಿನ ಸಾಲಿನಲ್ಲೇ 399 ಇದ್ದದ್ದು 3,000 ದಾಟಿತು, ವ್ಯಾಟ್ 3ರಿಂದ 20ರ ಮೇಲೆ ಹಾರಿತು. ಮತ್ತೆ ಹಾಕಿದೆ, ಮತ್ತೆ 399. ಅವಳ ಹಳೆಯ ಚಾರ್ಜರ್ ಕೆಟ್ಟು ಬೇರೆ ಚಾರ್ಜರ್ ತಗೊಂಡಿದ್ದಳು. ಅಷ್ಟು ಮಾತ್ರ ಬದಲಾಗಿದ್ದು.

ಇದು ಆಗುವುದು ಹೀಗೆ. ಕೆಲವು ಕಂಪನಿಗಳ ಚಾರ್ಜರ್‌ನ ದುಂಡು ಪಿನ್ ಮಧ್ಯೆ ಒಂದು ತೆಳು ಸೂಜಿ ಇರುತ್ತದೆ. ಅದರ ಮೂಲಕ ಚಾರ್ಜರ್ ತಾನು ಎಷ್ಟು ವ್ಯಾಟ್ ಅಂತ ಲ್ಯಾಪ್‌ಟಾಪ್‌ಗೆ ಹೇಳುತ್ತದೆ. ಆ ಸೂಜಿ ಬಾಗಿದ್ದರೆ, ಒಳಗಿನ ವೈರ್ ತುಂಡಾಗಿದ್ದರೆ, ಅಥವಾ ಆ ಗುರುತು ಇಲ್ಲದ ಕಾಂಪಾಟಿಬಲ್ ಚಾರ್ಜರ್ ಹಾಕಿದ್ದರೆ ಲ್ಯಾಪ್‌ಟಾಪ್‌ಗೆ ವ್ಯಾಟ್ ತಿಳಿಯುವುದಿಲ್ಲ. ಕಡಿಮೆ ಶಕ್ತಿಯ ಚಾರ್ಜರ್ ಇರಬಹುದು, ಜಾಸ್ತಿ ಎಳೆದರೆ ಸುಟ್ಟೀತು ಅಂತ ಫರ್ಮ್‌ವೇರ್ ಸ್ಪೀಡ್ ಇಳಿಸುತ್ತದೆ. ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವುದನ್ನೂ ನಿಲ್ಲಿಸಬಹುದು. ಆನ್ ಮಾಡುವಾಗ ಅಡಾಪ್ಟರ್ ಗುರುತು ಸಿಗಲಿಲ್ಲ ಅಂತ ಬಯೋಸ್ ಒಂದು ಸಂದೇಶ ತೋರಿಸುತ್ತದೆ. ಜನ ಅದನ್ನು ಓದದೆ ಎಂಟರ್ ಒತ್ತಿ ಮುಂದೆ ಹೋಗಿರುತ್ತಾರೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒರಿಜಿನಲ್ ಚಾರ್ಜರೂ ಸಿಗುತ್ತದೆ, ಕಾಂಪಾಟಿಬಲ್ಲೂ ಸಿಗುತ್ತದೆ. ಕಾಂಪಾಟಿಬಲ್ ಎಲ್ಲವೂ ಕೆಟ್ಟದ್ದು ಅಂತ ಅಲ್ಲ. ಆದರೆ ನಿಮ್ಮ ಲ್ಯಾಪ್‌ಟಾಪ್ ತಗೊಂಡು ಹೋಗಿ, ಅಂಗಡಿಯಲ್ಲೇ ಹಾಕಿ, ಬಯೋಸ್‌ಗೆ ಹೋಗಿ ಅಡಾಪ್ಟರ್ ವ್ಯಾಟ್ ಸರಿಯಾಗಿ ತೋರಿಸುತ್ತದಾ ನೋಡಿ, ಆಮೇಲೆ ದುಡ್ಡು ಕೊಡಿ. ಟೈಪ್-ಸಿ ಲ್ಯಾಪ್‌ಟಾಪ್ ಆದರೆ 65 ವ್ಯಾಟ್ ಬೇಕಾದಲ್ಲಿ ಫೋನ್ ಚಾರ್ಜರ್ ಹಾಕಿದರೂ ಇದೇ ಗತಿ ಆಗಬಹುದು.

ಚಾರ್ಜರ್ ತೆಗೆದರೂ 400ರಲ್ಲೇ ಇದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಬ್ಯಾಟರಿ ಸತ್ತಿದ್ದರೆ ಅಥವಾ ತೆಗೆದಿಟ್ಟಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ಸ್ಪೀಡ್ ಬಿಡುವುದಿಲ್ಲ. ಟರ್ಬೊ ಹೊಡೆಯುವಾಗ ಒಂದು ಕ್ಷಣಕ್ಕೆ ಬೇಕಾಗುವ ಹೆಚ್ಚಿನ ಪವರ್ ಅನ್ನು ಬ್ಯಾಟರಿಯಿಂದಲೂ ಎಳೆಯುವ ಹಾಗೆ ಅವುಗಳನ್ನು ಮಾಡಿರುತ್ತಾರೆ. ಯುಪವರ್ ಕಮಾಂಡ್‌ಗೆ ಡಿ ಆಯ್ಕೆ ಕೊಟ್ಟರೆ ಬ್ಯಾಟರಿಯ ಈಗಿನ ಕೆಪಾಸಿಟಿ ಕಾಣುತ್ತದೆ. ಉಬ್ಬಿದ ಬ್ಯಾಟರಿ ಇದ್ದರೆ ಇನ್ನು ಒಂದು ದಿನವೂ ಬಳಸಬೇಡಿ, ಸ್ಪೀಡ್ ವಿಷಯ ಆಮೇಲೆ.

ಸಸ್ಪೆಂಡ್‌ನಿಂದ ಎದ್ದ ಮೇಲೆ ಮಾತ್ರ ಹೀಗಾಗುತ್ತಿದ್ದರೆ ಎಂಬೆಡೆಡ್ ಕಂಟ್ರೋಲರ್ ಗೊಂದಲದಲ್ಲಿದೆ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ತೆಗೆಯಲು ಬರುವಂತಿದ್ದರೆ ಬ್ಯಾಟರಿಯನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಆನ್ ಮಾಡಿ. ಇದರಿಂದ ಸರಿಹೋಗಿ ಮತ್ತೆ ಮತ್ತೆ ಬರುತ್ತಿದ್ದರೆ ಬಯೋಸ್ ಅಪ್‌ಡೇಟ್ ಬೇಕು. ಎಫ್‌ಡಬ್ಲ್ಯೂಅಪ್‌ಡಿ ಮೂಲಕ ಲಿನಕ್ಸ್‌ನಿಂದಲೇ ಹಲವು ಕಂಪನಿಗಳ ಬಯೋಸ್ ಅಪ್‌ಡೇಟ್ ಸಿಗುತ್ತದೆ.

ಪ್ರೋಕ್‌ಹಾಟ್ ಹೊರಗಿನಿಂದ ಬರುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಬೇಕಾ? ಚಿಪ್ ಒಳಗಿನ ರಿಜಿಸ್ಟರ್‌ಗಳನ್ನು ಓದಿ ಬರೆಯುವ ಎಂಎಸ್‌ಆರ್-ಟೂಲ್ಸ್ ಹಾಕಿ, ಎಂಎಸ್‌ಆರ್ ಮಾಡ್ಯೂಲ್ ಲೋಡ್ ಮಾಡಿ, ಆರ್‌ಡಿಎಂಎಸ್‌ಆರ್‌ನಿಂದ ಹೆಕ್ಸ್ 19ಸಿ ರಿಜಿಸ್ಟರ್ ಓದಿ. ಎಫ್ ಆಯ್ಕೆಗೆ 2:2 ಕೊಟ್ಟರೆ ಬೇಕಾದ ಬಿಟ್ ಮಾತ್ರ ಬರುತ್ತದೆ. 1 ಬಂದರೆ ಹೊರಗಿನವರು ಪಿನ್ ಎಳೆದಿದ್ದಾರೆ.

ಹೆಕ್ಸ್ 1ಎಫ್‌ಸಿ ರಿಜಿಸ್ಟರ್‌ನ ಕೊನೆಯ ಬಿಟ್ ಅನ್ನು 0 ಮಾಡಿದರೆ ಚಿಪ್ ಹೊರಗಿನ ಈ ಮಾತನ್ನು ಕೇಳುವುದು ನಿಲ್ಲಿಸುತ್ತದೆ. ಅಂತರ್ಜಾಲದಲ್ಲಿ ಎಲ್ಲರೂ ಮೊದಲು ಕೊಡುವ ಸಲಹೆ ಇದೇ. ನನ್ನ ಅಭಿಪ್ರಾಯದಲ್ಲಿ ಇದು ಕೊನೆಯ ಸಲಹೆ ಆಗಬೇಕು. ಚಿಪ್‌ನ ಸ್ವಂತ ಬಿಸಿ ರಕ್ಷಣೆ ಹಾಗೇ ಉಳಿಯುತ್ತದೆ ನಿಜ, ಆದರೆ ಪವರ್ ಸರ್ಕ್ಯೂಟ್ ಮತ್ತು ಚಾರ್ಜರ್ ಕೂಗಿದರೂ ಕೇಳುವವರಿಲ್ಲ. ಕಡಿಮೆ ವ್ಯಾಟ್‌ನ ಚಾರ್ಜರ್ ಹಾಕಿಕೊಂಡು ಹೀಗೆ ಮಾಡಿದರೆ ಅಪಾಯ. ಸೆನ್ಸರ್ ಕೆಟ್ಟಿದೆ, ಚಾರ್ಜರ್ ಬ್ಯಾಟರಿ ಎರಡೂ ಸರಿ ಇವೆ ಅಂತ ಖಾತ್ರಿ ಆದಾಗ ಮಾತ್ರ ಮಾಡಿ. ಮೊದಲು ಓದಿ, ಬಂದ ಸಂಖ್ಯೆಯ ಕೊನೆಯ ಬಿಟ್ ಮಾತ್ರ ಬದಲಿಸಿ ಬರೆಯಿರಿ. ಬೇರೆಯವರ ಲ್ಯಾಪ್‌ಟಾಪ್‌ನ ಸಂಖ್ಯೆ ಕಾಪಿ ಮಾಡಬೇಡಿ. ಸೆಕ್ಯೂರ್ ಬೂಟ್ ಆನ್ ಇದ್ದು ಕರ್ನಲ್ ಲಾಕ್‌ಡೌನ್ ಇದ್ದರೆ ಬರೆಯಲು ಬಿಡುವುದೂ ಇಲ್ಲ. ರೀಬೂಟ್ ಆದರೆ ಈ ಬದಲಾವಣೆ ಹೋಗುತ್ತದೆ.

ಬಿಸಿ

ಚಿಪ್ ಬಿಸಿಯಿಂದ ಸ್ಪೀಡ್ ಇಳಿಸಿದ್ದರೆ ಅದರ ಲೆಕ್ಕ ಕರ್ನಲ್ ಇಟ್ಟಿರುತ್ತದೆ. ಸಿಪಿಯು0 ಫೋಲ್ಡರ್ ಒಳಗೆ ಥರ್ಮಲ್ ಥ್ರಾಟಲ್ ಅನ್ನುವ ಫೋಲ್ಡರ್ ಇದೆ. ಅದರಲ್ಲಿ ಪ್ಯಾಕೇಜ್ ಥ್ರಾಟಲ್ ಕೌಂಟ್ ನೋಡಿ. ಲೋಡ್ ಕೊಡುವ ಮುಂಚೆ ಒಂದು ಸಲ, ಕೊಟ್ಟ ಮೇಲೆ ಒಂದು ಸಲ. ಸಂಖ್ಯೆ ಏರಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳು 100 ಡಿಗ್ರಿ ಆಸುಪಾಸಿನಲ್ಲಿ ತಾವೇ ಇಳಿಸುತ್ತವೆ.

ಆಮೇಲೆ ಸ್ಕ್ರೂಡ್ರೈವರ್ ಕೆಲಸ. ಹಿಂದಿನ ಕವರ್ ತೆಗೆದು ಫ್ಯಾನ್ ರೆಕ್ಕೆ ಸ್ವಚ್ಛ ಇದೆ ಅಂತ ಕವರ್ ಮುಚ್ಚಬೇಡಿ. ಧೂಳು ಕೂರುವುದು ಫ್ಯಾನ್ ಮತ್ತು ಹೀಟ್‌ಸಿಂಕ್‌ನ ತೆಳು ಲೋಹದ ಪಟ್ಟಿಗಳ ನಡುವೆ. ಹೊರಗಿನಿಂದ ನೋಡಿದರೂ ಕಾಣುವುದಿಲ್ಲ, ಮೇಲಿನಿಂದ ನೋಡಿದರೂ ಕಾಣುವುದಿಲ್ಲ. ಫ್ಯಾನ್‌ನ ಎರಡು ಮೂರು ಸ್ಕ್ರೂ ಬಿಚ್ಚಿ ಎತ್ತಿದರೆ ಆ ಪಟ್ಟಿಗಳ ಮುಖಕ್ಕೆ ಅಂಟಿಕೊಂಡು ಬೂದು ಕಂಬಳಿಯ ಚೂರಿನ ಹಾಗೆ ಒಂದು ಪದರ ಇರುತ್ತದೆ. ಚಿಮಟಿಗೆಯಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬರುತ್ತದೆ. ಗಾಳಿ ಊದುವುದಾದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಆದರೆ ಥರ್ಮಲ್ ಪೇಸ್ಟ್ ಕೂಡ ಒಣಗಿ ಪುಡಿಯಾಗಿರುತ್ತದೆ, ಒಟ್ಟಿಗೆ ಬದಲಿಸಿ.

ಊರಿನ ಬಿಸಿಲಿಗೂ ಇದರಲ್ಲಿ ಪಾಲಿದೆ. ಕೋಣೆಯ ಬಿಸಿ 15 ಡಿಗ್ರಿ ಏರಿದರೆ ಅದೇ ಲೋಡ್‌ನಲ್ಲಿ ಚಿಪ್‌ನ ಬಿಸಿಯೂ ಸುಮಾರು ಅಷ್ಟೇ ಏರುತ್ತದೆ. ಡಿಸೆಂಬರ್‌ನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 82 ತೋರಿಸುತ್ತಿದ್ದ ಲ್ಯಾಪ್‌ಟಾಪ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ 40 ದಾಟಿದಾಗ ನೇರವಾಗಿ ಥ್ರಾಟಲ್ ಆಗುವ (ಬಿಸಿಯಿಂದ ಸ್ಪೀಡ್ ಇಳಿಯುವ) ಜಾಗಕ್ಕೆ ಬಂದು ನಿಲ್ಲುತ್ತದೆ. ಕರ್ನಲ್ ಅಪ್‌ಡೇಟ್ ಆದ ಮೇಲೆ ಸ್ಲೋ ಆಯಿತು ಅಂತ ಬೇಸಿಗೆಯಲ್ಲಿ ಹೇಳುವವರು ಒಮ್ಮೆ ಈ ಲೆಕ್ಕವನ್ನೂ ಹಾಕಿ. ಹಾಸಿಗೆ ಮೇಲೆ ಇಟ್ಟುಕೊಂಡರೆ ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತದೆ ಅನ್ನುವುದು ಗೊತ್ತಿರುವ ವಿಷಯವೇ.

ಥಿಂಕ್‌ಪ್ಯಾಡ್ ಇರುವವರಿಗೆ ಒಂದು ವಿಶೇಷ. ಕೆಲವು ಮಾಡೆಲ್‌ಗಳು ತೊಡೆಯ ಮೇಲೆ ಕೂತಿದ್ದೇನೆ ಅಂತ ಸೆನ್ಸರ್‌ನಿಂದ ಪತ್ತೆ ಮಾಡಿ, ಚರ್ಮ ಸುಡದಿರಲಿ ಅಂತ ಪವರ್ ಇಳಿಸುತ್ತವೆ. ಥಿಂಕ್‌ಪ್ಯಾಡ್ ಎಸಿಪಿಐ ಫೋಲ್ಡರ್‌ನ ಡಿವೈಟಿಸಿ ಲ್ಯಾಪ್‌ಮೋಡ್ ಫೈಲ್‌ನಲ್ಲಿ 1 ಇದ್ದರೆ ಅದೇ ಕಾರಣ. ಮೇಜಿನ ಮೇಲೆ ಇಟ್ಟು ಸ್ವಲ್ಪ ಕಾಯಿರಿ. ಅಲುಗಾಡುವ ಮೇಜು ಇದ್ದರೆ ಅದನ್ನೂ ತೊಡೆ ಅಂದುಕೊಳ್ಳುವುದುಂಟು.

ಪವರ್ ಮಿತಿ

ಲೋಡ್ ಕೊಟ್ಟ ಮೊದಲ ಅರ್ಧ ನಿಮಿಷ 3 ಗಿಗಾಹರ್ಟ್ಜ್ ಮೇಲಿದ್ದು ಆಮೇಲೆ 2 ಚಿಲ್ಲರೆಗೆ ಇಳಿದು ಅಲ್ಲೇ ನಿಂತರೆ ಹೆದರಬೇಡಿ. ಚಿಪ್‌ಗೆ ಎರಡು ಮಿತಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಜಾಸ್ತಿ, ದೀರ್ಘ ಕಾಲಕ್ಕೆ ಕಡಿಮೆ. ಸಿಸ್ ಫೋಲ್ಡರ್‌ನ ಕ್ಲಾಸ್ ಒಳಗೆ ಪವರ್‌ಕ್ಯಾಪ್, ಅದರಲ್ಲಿ ಇಂಟೆಲ್-ರ್‍ಯಾಪಲ್:0 ನೋಡಿ. ಕನ್‌ಸ್ಟ್ರೇಂಟ್ 0 ದೀರ್ಘ ಕಾಲದ್ದು, ಕನ್‌ಸ್ಟ್ರೇಂಟ್ 1 ಅಲ್ಪ ಕಾಲದ್ದು. ಲೆಕ್ಕ ಮೈಕ್ರೋವ್ಯಾಟ್‌ನಲ್ಲಿ. 15000000 ಅಂದರೆ 15 ವ್ಯಾಟ್. 8250ಯುಗೆ ಅದು ಇಂಟೆಲ್ ಹೇಳಿದ್ದೇ, ದೋಷ ಏನಿಲ್ಲ.

ಅಲ್ಲಿ 15 ಇದ್ದೂ ಟರ್ಬೋಸ್ಟ್ಯಾಟ್‌ನಲ್ಲಿ ವ್ಯಾಟ್ 8 ಅಥವಾ 10ರಲ್ಲಿ ನಿಂತಿದ್ದರೆ ಕೇಳಬೇಕಾದ ಪ್ರಶ್ನೆ ಇದೆ. ಮಿತಿ ಬರೆಯುವ ಜಾಗ ಎರಡು. ಇಂಟೆಲ್-ರ್‍ಯಾಪಲ್-ಎಂಎಂಐಒ ಅಂತ ಇನ್ನೊಂದು ಫೋಲ್ಡರ್ ಇದ್ದರೆ ಅದನ್ನೂ ನೋಡಿ, ಎರಡರಲ್ಲಿ ಕಡಿಮೆ ಇರುವುದೇ ನಡೆಯುತ್ತದೆ. ಮೊದಲ ಜಾಗದಲ್ಲಿ ಎಷ್ಟು ಬರೆದರೂ ಪ್ರಯೋಜನ ಇಲ್ಲ ಅನ್ನುವವರ ಗುಟ್ಟು ಹೆಚ್ಚಾಗಿ ಇಲ್ಲೇ ಇರುತ್ತದೆ. ಫರ್ಮ್‌ವೇರ್‌ನ ಪ್ಲ್ಯಾಟ್‌ಫಾರ್ಮ್ ಪ್ರೊಫೈಲ್ ಕೂಡ ಈ ವ್ಯಾಟ್ ಮಿತಿಯನ್ನು ಬದಲಿಸಬಹುದು. ಸಿಸ್, ಫರ್ಮ್‌ವೇರ್, ಎಸಿಪಿಐ ಒಳಗೆ ಆ ಫೈಲ್ ಇದೆ, ಕರ್ನಲ್ 5.12ರಿಂದ ಬಂದದ್ದು. ಲೋ-ಪವರ್ ಅಂತ ಇದ್ದರೆ ಬ್ಯಾಲೆನ್ಸ್ಡ್ ಮಾಡಿ ಮತ್ತೆ ಅಳೆಯಿರಿ. ಕೂಲಿಂಗ್ ಸರಿ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ವ್ಯಾಟ್ ಮಿತಿ ಏರಿಸಬೇಡಿ, ಬಿಸಿ ಮಿತಿಗೆ ಹೋಗಿ ತಾಗುತ್ತದೆ ಅಷ್ಟೇ.

ಉಲ್ಟಾ ದೋಷ: ಸ್ಪೀಡ್ ಇಳಿಯುವುದೇ ಇಲ್ಲ

ಫ್ಯಾನ್ ಕಿರುಚುತ್ತಿದೆ, ಸ್ಪೀಡ್ ಸದಾ 3 ಗಿಗಾಹರ್ಟ್ಜ್ ಮೇಲೆ. ಮೊದಲು ಬ್ಯುಸಿ ಶೇಕಡಾ ನೋಡಿ. ಅದು 2 ಅಥವಾ 3 ಇದ್ದು ವ್ಯಾಟ್ ಕಡಿಮೆ ಇದ್ದರೆ ಸ್ಪೀಡ್ ಎಷ್ಟು ತೋರಿಸಿದರೂ ಬ್ಯಾಟರಿಗೆ ನಷ್ಟ ಇಲ್ಲ, ಕೋರ್‌ಗಳು ಮಲಗೇ ಇವೆ. ಬ್ಯುಸಿ ಜಾಸ್ತಿ ಇದ್ದರೆ ದೋಷ ಸ್ಕೇಲಿಂಗ್‌ದಲ್ಲ. ಟಾಪ್ ಕಮಾಂಡ್ ಹಾಕಿ ಯಾವ ಪ್ರೋಗ್ರಾಂ ತಿನ್ನುತ್ತಿದೆ ನೋಡಿ. ಫೈಲ್ ಇಂಡೆಕ್ಸ್ ಮಾಡುವ ಟ್ರ್ಯಾಕರ್, ಬಲೂ, ಅಥವಾ ಮರೆತು ಬಿಟ್ಟ ಬ್ರೌಸರ್ ಟ್ಯಾಬ್ ಇರಬಹುದು. ಬ್ಯುಸಿ ಕಡಿಮೆ, ಆದರೆ ವ್ಯಾಟೂ ಬಿಸಿಯೂ ಜಾಸ್ತಿ ಅಂದರೆ ಯಾರೋ ಪರ್ಫಾರ್ಮೆನ್ಸ್ ಗವರ್ನರ್ ಹಾಕಿ ಹಾಗೇ ಬಿಟ್ಟಿರಬಹುದು, ಅದನ್ನು ತೆಗೆಯಿರಿ.

ಸಿಸ್ ಫೋಲ್ಡರ್‌ನಲ್ಲಿ ಕೈಯಾರೆ ಬರೆದದ್ದೆಲ್ಲ ರೀಬೂಟ್ ಆದರೆ ಹೋಗುತ್ತದೆ. ಪ್ರಯೋಗಕ್ಕೆ ಇದು ಒಳ್ಳೆಯದೇ, ಎಡವಟ್ಟಾದರೆ ರೀಸ್ಟಾರ್ಟ್ ಮಾಡಿದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅದೇ ಲೋಡ್ ಕೊಟ್ಟು, ಅದೇ ಮೂರು ಸಂಖ್ಯೆ ಬರೆದುಕೊಳ್ಳಿ. ಕೆಲಸ ಮಾಡಿದ್ದು ಯಾವುದು ಅಂತ ಖಾತ್ರಿ ಆದ ಮೇಲೆ ಅದೊಂದನ್ನು ಮಾತ್ರ ಖಾಯಂ ಮಾಡಿ. ಟಿಎಲ್‌ಪಿ ಇದ್ದರೆ ಅದರ ಕಾನ್ಫಿಗ್‌ನಲ್ಲಿ, ಟ್ಯೂನ್ಡ್ ಇದ್ದರೆ ಅದರ ಪ್ರೊಫೈಲ್‌ನಲ್ಲಿ, ಎರಡೂ ಇಲ್ಲದಿದ್ದರೆ ಒಂದು ಸಣ್ಣ ಸಿಸ್ಟಮ್‌ಡಿ ಸರ್ವಿಸ್ ಬರೆದು. ಸಸ್ಪೆಂಡ್ ಆಗಿ ಎದ್ದ ಮೇಲೆ ಕೆಲವು ಸೆಟ್ಟಿಂಗ್‌ಗಳು ಮತ್ತೆ ಹಳೆಯದಕ್ಕೆ ಹೋಗುತ್ತವೆ, ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ ತೆರೆದು ಇನ್ನೊಂದು ಸಲ ಟರ್ಬೋಸ್ಟ್ಯಾಟ್ ಓಡಿಸಿ ನೋಡಿ.